ಸದ್ದಿಲ್ಲದ ಫ್ಯಾನು

ಮೊದಲು ಸಂಗತಿಗಳನ್ನು ಹೇಳುತ್ತೇನೆ. ಇವುಗಳಲ್ಲಿ ನನ್ನ ಅಭಿಪ್ರಾಯ ಬೆರೆತಿಲ್ಲ.

ಒಂದು. ಕಳೆದ ವರ್ಷ ಮೇ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಕೊಂಡ್ಲಹಳ್ಳಿಯ ಅನ್ನಪೂರ್ಣಮ್ಮ ತೀರಿಕೊಂಡರು. ವಯಸ್ಸು ಅರವತ್ತೆಂಟು.

ಎರಡು. ಅವರ ಒಬ್ಬಳೇ ಮಗಳು ದಾಕ್ಷಾಯಿಣಿ ಗುಜರಾತಿನ ಒಂದು ಬಂದರಿನಲ್ಲಿ ಕಾವಲು ಪಡೆಯ ಕಾನ್‌ಸ್ಟೇಬಲ್. ರಜೆ ಮಂಜೂರಾಗಿ, ರೈಲು ಹತ್ತಿ, ಆಕೆ ಊರು ಸೇರುವಷ್ಟರಲ್ಲಿ ಬುಧವಾರ ಬೆಳಗಾಗುತ್ತಿತ್ತು.

ಮೂರು. ಆ ವಾರ ಹಗಲಿನ ಬಿಸಿಲು ನಲವತ್ತೊಂದು ಡಿಗ್ರಿ. ರಾತ್ರಿ ಮೂವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ.

ನಾಲ್ಕು. ಶವವನ್ನು ಇರಿಸಿದ್ದು ಗಾಜಿನ ಬಾಗಿಲಿನ, ಆಳೆತ್ತರದ ಪೆಟ್ಟಿಗೆಯಲ್ಲಿ. ಅದು ಮೊದಲು ಬೇಕರಿಯೊಂದರಲ್ಲಿ ಕೂಲ್‌ಡ್ರಿಂಕ್ಸ್ ಇಡುವ ಫ್ರಿಜ್ ಆಗಿತ್ತು.

ಐದು. ಪೆಟ್ಟಿಗೆಯ ಒಳಗೆ, ನೆತ್ತಿಯಲ್ಲಿ, ಅಂಗೈ ಅಗಲದ ಒಂದು ಫ್ಯಾನು. ಮಂಗಳವಾರ ರಾತ್ರಿ ಹತ್ತೂವರೆಯ ಸುಮಾರಿಗೆ ಅದನ್ನು ಬಿಚ್ಚಿ ಬೇರೊಂದನ್ನು ಹಾಕಿದವನು ಪಾಲಾಕ್ಷ. ನನ್ನ ದೊಡ್ಡಮ್ಮನ ಮಗ.

ಆರು. ಬಿಚ್ಚಿದ ಹಳೆಯ ಫ್ಯಾನಿಗೆ, ಮತ್ತೆ ಜೋಡಿಸುವವರೆಗೆ, ಯಾವ ವಿದ್ಯುತ್ ಸಂಪರ್ಕವೂ ಇರಲಿಲ್ಲ. ಇದನ್ನು ನಾನೇ ಪರೀಕ್ಷಿಸಿದೆ.

ಉಳಿದದ್ದನ್ನು ಪಾಲಾಕ್ಷ ಹೇಳಿದಂತೆಯೂ ನಾನು ಕಂಡಂತೆಯೂ ಬರೆಯುತ್ತೇನೆ.

ಪೆಟ್ಟಿಗೆ ಏಕೆ ನಿಂತಿತ್ತು, ಮಲಗಿರಲಿಲ್ಲ ಎಂಬುದನ್ನು ತಿಳಿಯದವರಿಗೆ ಹೇಳಬೇಕು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಉಸಿರು ನಿಂತ ಒಂದೆರಡು ತಾಸಿನಲ್ಲಿ ಕಾಲು ಮಡಚಿ, ಬೆನ್ನಿಗೆ ಹಲಗೆ ಕೊಟ್ಟು ಕೂರಿಸಿಬಿಡಬೇಕು. ತಡವಾದರೆ ದೇಹ ಸೆಟೆಯುತ್ತದೆ. ಬಾಡಿಗೆಗೆ ಸಿಗುವ ಶವದ ಪೆಟ್ಟಿಗೆಗಳೆಲ್ಲ ಮಲಗಿಸುವಂಥವು. ನಾಲ್ಕು ವರ್ಷಗಳ ಹಿಂದೆ ನಮ್ಮ ಬಂಧುವೊಬ್ಬರನ್ನು ಅಂಥ ಪೆಟ್ಟಿಗೆಯಲ್ಲಿ ಎರಡು ದಿನ ಮಲಗಿಸಿದ್ದರು. ಮೂರನೆಯ ದಿನ ಅವರನ್ನು ಕೂರಿಸುವುದಕ್ಕೆ ಮಂಡಿಗಳನ್ನು ಏನು ಮಾಡಬೇಕಾಯಿತು ಎಂಬುದನ್ನು ಬರೆಯುವುದಿಲ್ಲ. ಆ ಸದ್ದು ಹೊರಗಿನ ಜಗಲಿಯವರೆಗೆ ಕೇಳಿಸಿತು. ಖಾಲಿ ಪೆಟ್ಟಿಗೆಯನ್ನು ವಾಪಸು ಒಯ್ಯಲು ಬಂದು ಜಗಲಿಯ ಮೇಲೆ ಕುಳಿತಿದ್ದ ಫ್ರಿಜ್ ಮೆಕ್ಯಾನಿಕ್ ಮುಬಷೀರ್ ಅದನ್ನು ಕೇಳಿದ. ಆರು ತಿಂಗಳಾದ ಮೇಲೆ, ಗುಜರಿಗೆ ಹಾಕಿದ್ದ ಒಂದು ಫ್ರಿಜ್ಜನ್ನು ತಂದು, ಒಳಗಿನ ತಟ್ಟೆಗಳನ್ನು ಕಿತ್ತು, ತಳಕ್ಕೆ ಮರದ ಪೀಠ ಕೂರಿಸಿ, ಕುಳಿತ ಶವಕ್ಕೆ ಸರಿಯಾಗುವ ಪೆಟ್ಟಿಗೆಯನ್ನು ಅವನೇ ಮಾಡಿದ. ಬೇಕಾದ ಸಾಮಾನು ಕೊಟ್ಟವನು ಪಾಲಾಕ್ಷ. ಚಳ್ಳಕೆರೆಯಲ್ಲಿ ಅವನದು ಎಲೆಕ್ಟ್ರಿಕಲ್ ಅಂಗಡಿ. ಪೆಟ್ಟಿಗೆ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿತ್ತು.

ಮಂಗಳವಾರ ಮಧ್ಯಾಹ್ನ ನಾನು ಆ ಅಂಗಡಿಯಲ್ಲಿದ್ದೆ. ಮುಬಷೀರನೂ ಇದ್ದ. ಎಣ್ಣೆ ಮಿಲ್ಲುಗಳ ಕಡೆಯಿಂದ ಬಿಸಿ ಹಿಂಡಿಯ ವಾಸನೆ ಬರುತ್ತಿತ್ತು. ಪಾಲಾಕ್ಷನ ಫೋನು ರಿಂಗಾಯಿತು. ಸ್ಪೀಕರಿಗೆ ಹಾಕಿ ಗಲ್ಲಾದ ಮೇಲಿಟ್ಟ. ಆ ಕಡೆ ಇದ್ದವರು ಅನ್ನಪೂರ್ಣಮ್ಮನ ಗಂಡ ಜಂಬುಲಿಂಗಪ್ಪ.

"ಪಾಲಾಕ್ಷಾ, ಏನಪ್ಪಾ ಇದು? ಪೆಟ್ಟಿಗೆ ಕೊಟ್ಟೀಯೋ, ಹಿಟ್ಟಿನ ಗಿರಣಿ ಕೊಟ್ಟೀಯೋ?"

"ಯಾಕ್ರಿ ಯಜಮಾನ್ರೇ, ತಣ್ಣಗಿಲ್ವಾ?"

"ತಣ್ಣಗೇನೋ ಐತೆ. ಸದ್ದು! ಗುಂಯ್ ಅಂತೈತೆ, ಟಕಟಕ ಅಂತೈತೆ. ನಿನ್ನೆ ಸಂಜೆಯಿಂದ ಒಂದೇ ಸಮ. ಭಜನೆಯೋರು ಎದ್ದು ಹೋದ್ರು. ಅವಳಿಗೆ ಸದ್ದು ಅಂದ್ರೆ ಆಗ್ತಿರ್ಲಿಲ್ಲ ಕಣಪ್ಪಾ... ಮಿಕ್ಸಿ ಸೈತ ಮನೆಗೆ ಸೇರಿಸ್ಲಿಲ್ಲ. ಈಗ ನೋಡಿದ್ರೆ ಅವಳ ನೆತ್ತಿ ಮೇಲೇ ಗುಂಯ್ ಅಂತ ಕೂತೈತೆ."

ಅವರ ದನಿ ತಗ್ಗಿತು.

"ಮಗಳಿಗೆ ಮಾತು ಕೊಟ್ಟೀನಿ. ನಿಮ್ಮವ್ವನ ಮುಖ ಒಂಚೂರು ಕೆಡದಂಗೆ ಇಟ್ಟಿರ್ತೀನಿ, ನೀನು ಬಾ ಅಂತ. ಹದಿನಾಲ್ಕು ತಿಂಗಳಾತು ಅವ್ವನ ಮುಖ ನೋಡಿ. ಅದಕ್ಕೇ ಕೇಳ್ತೀನಿ. ತಣ್ಣಗೂ ಇರ್ಬೇಕು, ಸುಮ್ನೂ ಇರ್ಬೇಕು. ಆಗ್ತೈತೇನಪ್ಪಾ?"

"ಆಗ್ತೈತ್ರಿ. ರಾತ್ರಿಯೊಳಗೆ ನಾನೇ ಬರ್ತೀನಿ."

ಪಾಲಾಕ್ಷ ಕಪಾಟಿನಿಂದ ಒಂದು ಡಬ್ಬ ತೆಗೆದ. ಒಳಗಿದ್ದ ಫ್ಯಾನನ್ನು ಗಲ್ಲಾದ ಮೇಲಿಟ್ಟು ತಂತಿಗಳನ್ನು ಪ್ಲಗ್ಗಿಗೆ ಸಿಕ್ಕಿಸಿದ. ರೆಕ್ಕೆಗಳು ಕಾಣದಾದವು. ಸದ್ದು ಬರಲಿಲ್ಲ. ಗಲ್ಲಾದ ಮೇಲಿದ್ದ ರಸೀತಿ ಹಾರಿ ನೆಲಕ್ಕೆ ಬಿತ್ತು, ಆ ಕಾಗದ ಬಿದ್ದ ಸದ್ದು ಕೇಳಿಸಿತು.

"ಕೇಳ್ರಲೇ. ಬೆಕ್ಕು ನಡೆದಂಗೈತೆ," ಅಂದ.

"ಬೆಕ್ಕೇ ಅದು," ಅಂದ ಮುಬಷೀರ್. "ಚಳಿ ಜಾಗದಾಗೆ ಮುದುರ್ಕೊಂಡು ಮಲಗ್ತೈತೆ. ಭಾಯ್, ಅದು ಬುಷ್ ಫ್ಯಾನ್. ಪೆಟ್ಟಿಗೆ ನೆತ್ತಿಗೆ ಬೋರಲು ಹಾಕೋ ಜಾಗ. ನಾನು ಬೇರಿಂಗ್ ಹಾಕಿದ್ದು ಸುಮ್‌ಸುಮ್ನೆ ಅಲ್ಲ."

ಬೇರಿಂಗ್ ಫ್ಯಾನಿನಲ್ಲಿ ಅಚ್ಚು ಸಣ್ಣ ಉಕ್ಕಿನ ಗುಂಡುಗಳ ಮೇಲೆ ಉರುಳುತ್ತದೆ. ಸದ್ದು ಸ್ವಲ್ಪ ಹೆಚ್ಚು, ಆಯುಸ್ಸೂ ಹೆಚ್ಚು. ಬುಷ್ ಫ್ಯಾನಿನಲ್ಲಿ ಅಚ್ಚು ಎಣ್ಣೆ ಕುಡಿದ ಒಂದು ಬಳೆಯೊಳಗೆ ಜಾರುತ್ತದೆ. ಹೊಸದರಲ್ಲಿ ಸದ್ದೇ ಇರುವುದಿಲ್ಲ. ಗೋಡೆಗೆ ನೆಟ್ಟಗೆ ಹಾಕಿದರೆ ಬಾಳುತ್ತದೆ. ಸೂರಿಗೆ ಬೋರಲು ಹಾಕಿದರೆ ಎಣ್ಣೆ ಒಂದೇ ಕಡೆಗೆ ಇಳಿಯುತ್ತದೆ. ಶೀತದಲ್ಲಿ ಅದೇ ಎಣ್ಣೆ ಮೇಣದಂತೆ ಗಟ್ಟಿಯಾಗುತ್ತದೆ. ಇದು ದೊಡ್ಡ ವಿದ್ಯೆಯಲ್ಲ. ಡಬ್ಬದ ಮೇಲೆ ಅಚ್ಚಾಗಿರುತ್ತದೆ.

"ಸದ್ದು ಬರೋದು ಬೇರಿಂಗಿಂದ ಅಲ್ಲ ಭಾಯ್," ಮುಬಷೀರ್ ಮುಂದುವರಿಸಿದ. "ಟೆಂಪೋದಾಗೆ ಒಯ್ಯುವಾಗ ಗ್ರಿಲ್ ಬಗ್ಗಿ ರೆಕ್ಕೆಗೆ ತಾಗ್ತೈತೆ. ಅದನ್ನ ಎತ್ತಿ ಸರಿ ಮಾಡು. ಮೂಲೆಗೊಂದು ರಬ್ಬರ್ ವಾಷರ್ ಕೊಡು. ಅರ್ಧ ಸದ್ದು ಹೋಗ್ತೈತೆ."

"ಅರ್ಧ ಹೋದ್ರೆ ಇನ್ನರ್ಧಕ್ಕೆ ಯಜಮಾನ್ರು ಮತ್ತೆ ಫೋನ್ ಹಚ್ತಾರೆ. ಒಂದು ರಾತ್ರಿ ತಾನೇ?"

"ಒಂದು ರಾತ್ರಿ ಅಂತ ಫ್ಯಾನಿಗೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ?"

ನಾನು ಡಬ್ಬವನ್ನು ತಿರುಗಿಸಿ ತೋರಿಸಿದೆ. "ಅಣ್ಣಾ, ಬರ್ದೈತೆ ನೋಡು. ಹತ್ತು ಡಿಗ್ರಿಗಿಂತ ಕೆಳಗೆ ಬಳಸಬೇಡಿ ಅಂತ. ಪೆಟ್ಟಿಗೆಯೊಳಗೆ ಮೂರು ಇರ್ತೈತೆ."

"ಲೇ ಸಂಗಮೇಶ, ಡಬ್ಬ ಓದೋನು ನೀನು. ಫ್ಯಾನ್ ಹಾಕೋನು ನಾನು. ಗಾಳಿ ಬಂದ್ರೆ ಸಾಕಲ್ಲ? ನಡೀತೈತೆ ಬಿಡು."

ನಡೀತೈತೆ. ನಮ್ಮಲ್ಲಿ ಮೋಟಾರಿನ ಸ್ಟಾರ್ಟರಿನಿಂದ ಶಾಲೆಯ ಸೂರಿನವರೆಗೆ ಎಲ್ಲದರ ಮೇಲೂ ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಈ ಒಂದು ಮಾತು ಬರೆದಿದೆ. ಅದನ್ನು ಅಳಿಸಲು ಹೋದವನಿಗೆ ಓದಿದ ಸೊಕ್ಕು ಎನ್ನುತ್ತಾರೆ. ನಾನು ಡಬ್ಬವನ್ನು ಕೆಳಗಿಟ್ಟೆ.

ಪಾಲಾಕ್ಷ ಅಂಗಡಿಯ ಬಾಗಿಲು ಎಳೆಯುವಾಗ ಮುಬಷೀರ್ ಮತ್ತೊಮ್ಮೆ ಹೇಳಿದ. "ಹಾಕೋದಾದ್ರೆ ಹಾಕು. ಆದ್ರೆ ಹಾಕಿದ ಮೇಲೆ ಒಂದು ತಾಸು ಅಲ್ಲೇ ಕೂತು ನೋಡು. ಎದ್ದು ಬರ್ಬೇಡ. ಕಸಮ್."

"ಆಯ್ತು ಮಾರಾಯ."

ಮೊಳಕಾಲ್ಮೂರು ಕಡೆಯ ಬಸ್ಸಿನಲ್ಲಿ ನಾವಿಬ್ಬರೂ ಹೊರಟೆವು. ನಮ್ಮ ಮನೆ ರಸ್ತೆಯ ಬದಿಯ ಹೊಲದಲ್ಲಿದೆ. ಅಲ್ಲಿಂದ ಕೊಂಡ್ಲಹಳ್ಳಿಗೆ ಒಳದಾರಿಯಲ್ಲಿ ಎರಡು ಕಿಲೋಮೀಟರು. ಇಬ್ಬರೂ ಅಲ್ಲಿ ಇಳಿದುಕೊಂಡೆವು. ಕೆಲಸ ಮುಗಿಸಿ ಊಟಕ್ಕೆ ಬರುತ್ತೇನೆ, ರಾತ್ರಿ ಇಲ್ಲೇ ಮಲಗುತ್ತೇನೆ ಎಂದು ಹೇಳಿ ಪಾಲಾಕ್ಷ ಆಟೋ ಹತ್ತಿ ಊರೊಳಗೆ ಹೋದ.

ಅಲ್ಲಿ ನಡೆದದ್ದನ್ನು ಅವನು ಹೇಳಿದ್ದು ಹೀಗೆ.

ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಗೆ ಇರಿಸಿದ್ದರು. ಒಳಗೆ ಅನ್ನಪೂರ್ಣಮ್ಮ ಕುಳಿತಿದ್ದರು. ಹಣೆಯ ತುಂಬ ವಿಭೂತಿ. ಹಸಿರು ಸೀರೆ. ಜಂಬುಲಿಂಗಪ್ಪ ಗಾಜಿಗೆ ಹತ್ತಿರವಾಗಿ ಚಾಪೆ ಹಾಕಿಕೊಂಡಿದ್ದರು. ಶವಕ್ಕೆ ಸ್ನಾನ ಮಾಡಿಸಿದ ಪಕ್ಕದ ಮನೆಯ ಹೊನ್ನಕ್ಕ ಬಾಗಿಲ ಬಳಿ ಎಲೆಯಡಿಕೆ ಹಾಕುತ್ತ ಕುಳಿತಿದ್ದಳು. ಐದಾರು ಜನ ಮಲಗಿದ್ದರು.

ಫ್ಯಾನು ಒಳಗಿನ ಸೂರಿನಲ್ಲಿರುವುದರಿಂದ ಗಾಜಿನ ಬಾಗಿಲು ತೆರೆದು, ಶವದ ತಲೆಯ ಮೇಲೆ ತನ್ನ ತಲೆ ತೂರಿಸಿ ಕೆಲಸ ಮಾಡಬೇಕು. ಪಾಲಾಕ್ಷ ಸ್ವಿಚ್ ತೆಗೆಸಿದ. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಟಾರ್ಚ್ ಹಾಕಿದ.

"ಲೇ, ಹುಷಾರಲೇ," ಅಂದಳು ಹೊನ್ನಕ್ಕ. "ಬಾಗ್ಲು ಹಾಕ್ಕೊಂಡು ಗೀಕ್ಕೊಂಡೀಯ. ಆಮೇಲೆ ನಿನಗೂ ವಿಭೂತಿ ಹಚ್ಚೋ ಕೆಲಸ ನಂಗೆ ಬೀಳ್ತೈತೆ."

ನಾಲ್ಕು ಸ್ಕ್ರೂ. ಎರಡು ತಂತಿ. ಹಳೆಯ ಫ್ಯಾನನ್ನು ಬಿಚ್ಚಿ ಚೀಲಕ್ಕೆ ಹಾಕಿದ. ಹೊಸದರ ಅಂಚಿನ ಮೇಲಿನ ಬಾಣದ ಗುರುತು ನೋಡಿ, ಗಾಳಿ ಕೆಳಗೆ ಬೀಸುವಂತೆ ಕೂರಿಸಿದ. ಅಷ್ಟನ್ನು ಸರಿಯಾಗಿಯೇ ಮಾಡಿದ. ಕೊನೆಯ ಸ್ಕ್ರೂ ಬಿಗಿಯುವಾಗ ಅವನ ಗದ್ದದಿಂದ ಬೆವರಿನ ಹನಿಯೊಂದು ಜಾರಿ ಆಕೆಯ ಹಣೆಗೆ ಬಿತ್ತು. ವಿಭೂತಿಯ ಮೇಲೆ ಒಂದು ಬೊಟ್ಟಿನಷ್ಟು ಒದ್ದೆಯಾಯಿತು. ಅವನು ಒರೆಸಲಿಲ್ಲ. ಒರೆಸುವುದಕ್ಕೆ ಮುಟ್ಟಬೇಕಾಗುತ್ತಿತ್ತು.

ಸ್ವಿಚ್ ಹಾಕಿದರು. ಪೆಟ್ಟಿಗೆಯ ಹಿಂದಿನ ಕಂಪ್ರೆಸರ್ ಮೆಲ್ಲಗೆ ಗುನುಗಿತು. ಒಳಗೆ ಸದ್ದಿಲ್ಲ. ಪಾಲಾಕ್ಷ ಕಾಗದದ ಚೂರೊಂದನ್ನು ಹಿಡಿದು ನೋಡಿದ, ಅದು ಅಲ್ಲಾಡಿತು. ಬಾಗಿಲು ಹಾಕಿದ.

ಜಂಬುಲಿಂಗಪ್ಪ ಗಾಜಿಗೆ ಕಿವಿಯಿಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು.

"ಈಗ ಸುಮ್ನಾತು," ಅಂದರು. "ಇನ್ನು ಮಲ್ಕಾ ಅನ್ಪೂರ್ಣಾ."

ಒಂದು ತಾಸು ಕಾಯಬೇಕಿತ್ತು. ಪಾಲಾಕ್ಷ ಹತ್ತು ನಿಮಿಷ ಕಾದ. ಹತ್ತೂ ನಲವತ್ತಕ್ಕೆ ಚೀಲ ಹೆಗಲಿಗೇರಿಸಿ ನಮ್ಮ ಮನೆಯ ಕಡೆಗೆ ನಡೆದ.

ಆ ಒಳದಾರಿಯ ಎರಡೂ ಕಡೆ ಜಾಲಿ. ಅರ್ಧ ದಾರಿಯಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯಿದೆ. ನೀರಿಲ್ಲ. ಆ ರಾತ್ರಿ ಗಾಳಿಯೂ ಇರಲಿಲ್ಲ, ಜಾಲಿಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಚಪ್ಪಲಿಯ ಸದ್ದು ಮಾತ್ರ. ಚಟ್... ಚಟ್... ಚಟ್...

ಬಾವಿಯ ಹತ್ತಿರ ಬಂದಾಗ ಬೆನ್ನ ಹಿಂದೆ ಇನ್ನೊಂದು ಸದ್ದು ಕೇಳಿತು.

ಟಕ. ಟಕ. ಟಕ... ಟಕ... ಟಕ.

ನಿಂತಿತು.

ಅವನೂ ನಿಂತ. ತಿರುಗಿ ನೋಡಿದ. ಯಾರೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟ.

ಸರ್ರ್... ಟಕ. ಟಕ. ಟಕ... ಟಕ...

ಸದ್ದು ದಾರಿಯಿಂದ ಬರುತ್ತಿರಲಿಲ್ಲ. ಚೀಲದಿಂದ ಬರುತ್ತಿತ್ತು. ಬಗ್ಗಿದ ಗ್ರಿಲ್ಲಿಗೆ ರೆಕ್ಕೆ ತಾಗುವ ಸದ್ದು. ನಡೆಯುವಾಗ ಕುಲುಕಿ ತಿರುಗುತ್ತದೆ ಎಂದುಕೊಂಡ. ನಿಂತು ನೋಡಿದ. ನಿಂತಾಗಲೂ ತಿರುಗಿತು. ಚೀಲದ ಬಟ್ಟೆಯ ಮೂಲಕ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ಬೆವರಿದ ಅಂಗಿ ಅಲ್ಲಿ ಒಂದು ತಟ್ಟೆಯಷ್ಟು ಅಗಲ ತಂಪಾಯಿತು.

ಫ್ಯಾನನ್ನು ಹೊರಗೆ ತೆಗೆದ. ಮೊಬೈಲಿನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲಿ ಟಾರ್ಚ್ ಹಾಕಿದ. ಎರಡು ತುಂಡು ತಂತಿಗಳು ಜೋತಾಡುತ್ತಿದ್ದವು. ತುದಿಯಲ್ಲಿ ತಾಮ್ರ ಕಾಣುತ್ತಿತ್ತು. ರೆಕ್ಕೆಗಳು ನಿಂತಿದ್ದವು. ಐದು ರೆಕ್ಕೆಗಳನ್ನೂ ಎಣಿಸಿದನಂತೆ. ಎಣಿಸುತ್ತಿರುವಾಗ ಒಂದು ರೆಕ್ಕೆ ಹಿಂದಕ್ಕೆ ಸರಿಯಿತು. ಕರೆಂಟು ಬಂದಾಗ ಫ್ಯಾನು ಹೊರಡುವ ರೀತಿಯೇ ಬೇರೆ. ಇದು ಹಾಗಿರಲಿಲ್ಲ. ಯಾರೋ ತಳ್ಳಿದ ಹಾಗೆ. ಅರ್ಧ ಸುತ್ತು. ನಿಂತಿತು. ಮತ್ತೆ ತಳ್ಳಿದ ಹಾಗೆ. ಎರಡು ಸುತ್ತು. ನಿಂತಿತು.

ಆಮೇಲೆ ದನಿ ಬಂತು. ಚಿಕ್ಕವರಿದ್ದಾಗ ನಾವೆಲ್ಲ ತಿರುಗುವ ಫ್ಯಾನಿನ ಮುಂದೆ ಬಾಯಿಟ್ಟು ಕೂಗಿದ್ದೇವೆ, ದನಿ ತುಂಡುತುಂಡಾಗಿ ಕೇಳುತ್ತದೆ. ಹಾಗೆ. ಪಿಸುಮಾತು. ರೆಕ್ಕೆಗಳು ಕತ್ತರಿಸಿದ ಪಿಸುಮಾತು.

"ಸೆ...ಸೆ...ಕೆ...ಕೆ..."

ಟಾರ್ಚ್ ಆರಿತು.

"ಸೆಕೆ... ಆಗ್...ಆಗ್ತೈತಪ್ಪಾ..."

ಪಾಲಾಕ್ಷ ಊರಿನ ಕಡೆಗೆ ಹಿಂದಿರುಗಲಿಲ್ಲ. ನಮ್ಮ ಮನೆಗೆ ಓಡಿದ.

ಹನ್ನೊಂದೂ ಕಾಲಿಗೆ ನಾನು ಬಾಗಿಲು ತೆರೆದೆ. ಇಲ್ಲಿಂದ ಮುಂದಿನದು ನಾನು ಕಂಡದ್ದು.

ಅವನ ಎಡಗೈಯಲ್ಲಿ ಫ್ಯಾನು ಇತ್ತು. ಬಿಡಿಸಿಕೊಂಡು ಮೇಜಿನ ಮೇಲಿಟ್ಟೆ. ಅವ್ವ ಮುದ್ದೆ ಬಡಿಸಿದಳು, ಅವನು ಮುಟ್ಟಲಿಲ್ಲ. ಅವ್ವ ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿದ. ನಾನು ಮೀಟರು ತಂದು ಫ್ಯಾನನ್ನು ಪರೀಕ್ಷಿಸಿದೆ. ತಂತಿಗಳಲ್ಲಿ ಏನೂ ಇಲ್ಲ. ಬೆರಳಿನಿಂದ ಚಿಮ್ಮಿದೆ. ಎರಡು ಸುತ್ತು ತಿರುಗಿ ನಿಂತಿತು. ಟಕ ಟಕ ಟಕ. ಮನೆಯ ಫ್ಯಾನನ್ನು ಆರಿಸಿದೆ. ಕಿಟಕಿ ಹಾಕಿದೆ.

"ಸುಸ್ತಾಗಿರ್ತೈತೆ ಅಣ್ಣಾ ನಿನಗೆ," ಅಂದೆ.

ಸರ್ರ್... ಟಕ. ಟಕ. ಟಕ... ಟಕ...

ನಮ್ಮಿಬ್ಬರ ಕೈಗಳೂ ಮಡಿಲಲ್ಲಿದ್ದವು.

ನನಗೆ ಭಯವಾಯಿತು ಎಂದು ಬರೆದರೆ ಅದು ಸುಳ್ಳು. ಏನೂ ಆಗಲಿಲ್ಲ. ಅಂಗೈಯನ್ನು ರೆಕ್ಕೆಗಳ ಮುಂದೆ ಹಿಡಿದೆ. ತಣ್ಣಗಿನ ಗಾಳಿ, ಫ್ರಿಜ್ಜಿನ ಬಾಗಿಲು ತೆರೆದಾಗ ಬರುವಂಥದು. ಗೋಡೆಯ ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಹನ್ನೊಂದು ತಳ್ಳು. ಒಂದೊಂದು ತಳ್ಳಿಗೆ ಎರಡು ಸುತ್ತು.

"ಹೊಸ ಫ್ಯಾನ್ ನಿಂತೈತೆ," ಅಂದೆ. "ನಡಿ, ಬೈಕ್ ತೆಗೀತೀನಿ."

"ನಾನು ಆ ಬಾವಿ ದಾಟಿ ಬರಂಗಿಲ್ಲ."

"ಮುಖ ಕೆಡ್ತೈತಣ್ಣಾ. ಮಗಳು ಬೆಳಿಗ್ಗೆ ಬರ್ತಾಳೆ."

"ಸುಮ್ನಿರಲೇ... ಸುಮ್ನಿರು." ಅವನು ಕಿವಿ ಮುಚ್ಚಿಕೊಂಡಿದ್ದ. "ನಿಂತಿರಂಗಿಲ್ಲ. ಹೊಸದು. ನಡೀತೈತೆ ಅದು."

ಜಂಬುಲಿಂಗಪ್ಪನವರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಮುಬಷೀರನಿಗೆ ಮಾಡಿದೆ, ಎತ್ತಲಿಲ್ಲ. ನಾನೊಬ್ಬನೇ ಹೋಗಬಹುದಿತ್ತು. ಬೈಕು ಅಂಗಳದಲ್ಲಿತ್ತು, ಕೀಲಿ ಜೇಬಿನಲ್ಲಿತ್ತು. ಹೋಗಲಿಲ್ಲ. ಡಬ್ಬದ ಮೇಲಿನ ಅಕ್ಷರವನ್ನು ಓದಿ ತೋರಿಸಿದವನು ನಾನು, ಇನ್ನು ನನ್ನ ಹೊಣೆಯಿಲ್ಲ ಎಂದು ಒಳಗೆಲ್ಲೋ ಲೆಕ್ಕ ಮುಗಿಸಿದ್ದೆನೋ ಏನೋ. ಮೇಜಿನ ಎರಡು ಕಡೆ ನಾವಿಬ್ಬರೂ ಕುಳಿತೆವು. ಫ್ಯಾನು ತಿರುಗಿತು, ನಿಂತಿತು, ತಿರುಗಿತು. ಹನ್ನೆರಡು. ಒಂದು. ಎರಡು. ಎರಡರ ಹೊತ್ತಿಗೆ ತಳ್ಳುಗಳು ನಿಮಿಷಕ್ಕೆ ಏಳಾದವು. ಒಂದೊಂದಕ್ಕೆ ಒಂದೇ ಸುತ್ತು. ದಣಿದವರು ಮಾಡುವ ಕೆಲಸದಂತೆ.

ಮೂರೂ ಹತ್ತಕ್ಕೆ ಒಂದು ರೆಕ್ಕೆ ಸ್ವಲ್ಪ ಸರಿಯಿತು. ಟ... ಅಷ್ಟೇ. ಗ್ರಿಲ್ಲಿಗೆ ತಾಗಿದಲ್ಲಿಯೇ ನಿಂತುಬಿಟ್ಟಿತು. ಕಾದೆವು. ಮತ್ತೆ ಅಲ್ಲಾಡಲಿಲ್ಲ.

ಆ ನಾಲ್ಕು ತಾಸು ಕೇಳಿದ ಸದ್ದಿಗಿಂತ ಅದು ನಿಂತದ್ದೇ ಸಹಿಸಲಾಗಲಿಲ್ಲ. ಪಾಲಾಕ್ಷನೇ ಮೊದಲು ಎದ್ದ.

"ತೆಗಿಯಲೇ ಬೈಕು," ಅಂದ.

ಬಾವಿಯ ಬಳಿ ಅವನು ಕಣ್ಣು ಮುಚ್ಚಿ ನನ್ನ ಹೆಗಲಿಗೆ ಹಣೆಯೊತ್ತಿಕೊಂಡಿದ್ದ. ಏನೂ ಆಗಲಿಲ್ಲ. ಮೂರೂ ಇಪ್ಪತ್ತೈದಕ್ಕೆ ಜಂಬುಲಿಂಗಪ್ಪನವರ ಪಡಸಾಲೆಯಲ್ಲಿದ್ದೆವು.

ಎಲ್ಲರೂ ಮಲಗಿದ್ದರು. ಎಣ್ಣೆ ದೀಪವೊಂದೇ ಉರಿಯುತ್ತಿತ್ತು. ಜಂಬುಲಿಂಗಪ್ಪ ಕುಳಿತಲ್ಲಿಯೇ ಹಣೆಯನ್ನು ಗಾಜಿಗೆ ಆನಿಸಿ ನಿದ್ರೆಹೋಗಿದ್ದರು. ಅವರ ತಲೆಯನ್ನು ಮೆಲ್ಲಗೆ ಸರಿಸಿ ಬಾಗಿಲು ತೆರೆದೆವು. ಫ್ಯಾನು ನಿಂತಿತ್ತು. ಪಾಲಾಕ್ಷ ಬೆರಳಿನಿಂದ ತಳ್ಳಿದ. ಅಲ್ಲಾಡಲಿಲ್ಲ. ಹೆಬ್ಬೆರಳಿನಿಂದ ಒತ್ತಿದ. ಅಚ್ಚು ಬಿಗಿದುಕೊಂಡಿತ್ತು. ಹತ್ತಿರ ಹೋದರೆ ಸುಟ್ಟ ವಾರ್ನಿಶಿನ ವಾಸನೆ. ಆ ಫ್ಯಾನನ್ನು ನಾನು ಮರುದಿನ ಬಿಚ್ಚಿ ನೋಡಿದೆ. ಒಳಗಿನ ತಂತಿಯ ಸುರುಳಿ ಕರಕಲಾಗಿತ್ತು. ಎಣ್ಣೆ ಗಟ್ಟಿಯಾಗಿ, ಅಚ್ಚು ಹಿಡಿದು, ತಿರುಗಲಾರದೆ ಬಿಸಿಯೇರಿ ಸುಟ್ಟಿದೆ. ಅದು ಆಗುವುದಕ್ಕೆ ಬಹಳ ಹೊತ್ತು ಬೇಡ. ಪಾಲಾಕ್ಷ ಬಾವಿ ತಲುಪುವ ಮೊದಲೇ ಆಗಿರಬೇಕು.

ಗಾಳಿ ಆಡದಿದ್ದರೆ ತಂಪು ನೆತ್ತಿಯ ಗೂಡಿನಲ್ಲಿಯೇ ಉಳಿಯುತ್ತದೆ, ಅಲ್ಲಿನ ತಂಪು ಕೊಡುವ ಕಾಯಿಲ್ ಸುತ್ತ ಮಂಜು ಕಟ್ಟುತ್ತದೆ, ಕೆಳಗೆ ಬಿಸಿಯಾಗುತ್ತದೆ. ನಾಲ್ಕು ತಾಸಿನಲ್ಲಿ ಪೀಠದ ಮಟ್ಟದಲ್ಲಿ ಇಪ್ಪತ್ತು ಡಿಗ್ರಿಯಾದರೂ ಇರಬೇಕು. ಅಲ್ಲಿ ಅಳೆಯುವುದಕ್ಕೆಂದೇ ಮುಬಷೀರ್ ಸಣ್ಣ ಮೀಟರೊಂದನ್ನು ಇಟ್ಟಿದ್ದ. ಅದನ್ನು ನೋಡಿದೆ.

ಮೂರು.

ಜಂಬುಲಿಂಗಪ್ಪ ಎಚ್ಚರಗೊಂಡರು.

"ಯಾರು... ಪಾಲಾಕ್ಷನಾ? ಯಾಕಪ್ಪಾ ಬಂದ್ರಿ ಇಷ್ಟೊತ್ತಿನಾಗೆ?"

"ಯಜಮಾನ್ರೇ, ಫ್ಯಾನ್ ಯಾವಾಗ ನಿಂತಿತು?" ಪಾಲಾಕ್ಷ ಕೇಳಿದ.

"ನಿಂತಿಲ್ಲಲ್ಲ. ಈಗ ಹದಿನೈದಿಪ್ಪತ್ತು ನಿಮಿಷದ ಕೆಳಗೆ ನಂಗೆ ಕಣ್ಣು ಹತ್ತಿತು. ಅಲ್ಲೀವರ್ಗೂ ಆಡ್ತಿತ್ತು."

"ಸದ್ದಿತ್ತಾ?"

"ಇಲ್ಲಪ್ಪಾ. ಸದ್ದಿಲ್ಲ. ಅವಳ ಹಣೆ ಕೂದ್ಲು ಅಲ್ಲಾಡ್ತಿತ್ತು, ಅದು ಕಾಣ್ತಿತ್ತು. ಗಾಳಿ ಒಂದ್ಸಲ ಬರೋದು... ನಿಲ್ಲೋದು. ಬರೋದು... ನಿಲ್ಲೋದು." ಅವರು ಕೈಯೆತ್ತಿ ತೋರಿಸಿದರು. "ಬೀಸಣಿಕೆ ಬೀಸ್ದಂಗೆ. ಚೆನ್ನಾಗೈತೆ ಬಿಡು ನಿನ್ನ ಫ್ಯಾನು."

ಸ್ವಿಚ್ ತೆಗೆದು, ಸುಟ್ಟದ್ದನ್ನು ಬಿಚ್ಚಿ, ಹಳೆಯದನ್ನು ಮತ್ತೆ ಕೂರಿಸಿದೆವು. ಗ್ರಿಲ್ಲಿನ ಬಗ್ಗಿದ ತಂತಿಯನ್ನು ಇಕ್ಕಳದಿಂದ ಎತ್ತಿದೆ. ಮೂಲೆಗೊಂದು ರಬ್ಬರ್ ವಾಷರ್ ಕೊಟ್ಟೆ. ಅದಕ್ಕೆ ಹಿಡಿದದ್ದು ಏಳು ನಿಮಿಷ. ಟಕಟಕ ಹೋಯಿತು. ಮೆಲ್ಲಗಿನ ಗುಂಯ್ ಮಾತ್ರ ಉಳಿಯಿತು. ಮುಬಷೀರ್ ಹಗಲಿನಲ್ಲಿ ಹೇಳಿದ್ದೇ ಅಷ್ಟು. ಜಂಬುಲಿಂಗಪ್ಪ ಆ ಗುಂಯ್ ಕೇಳುತ್ತ ಕುಳಿತರು.

ದಾಕ್ಷಾಯಿಣಿ ಆರೂ ಹತ್ತಕ್ಕೆ ಬಂದಳು. ಡ್ಯೂಟಿಯ ಬೂಟುಗಳನ್ನೇ ಹಾಕಿದ್ದಳು. ಹೊಸ್ತಿಲಲ್ಲಿ ಬಿಚ್ಚಲು ಕುಳಿತಳು, ಲೇಸು ಬಿಚ್ಚಲು ಬರಲಿಲ್ಲ, ಹೊನ್ನಕ್ಕ ಬಿಚ್ಚಿದಳು. ಪಾಲಾಕ್ಷ ಗೋಡೆಗೆ ಒರಗಿ ನಿಂತಿದ್ದ. ಅವನ ಕಣ್ಣು ಅವಳ ಮೇಲಿತ್ತು. ಅವಳು ಗಾಜಿನ ಬಾಗಿಲು ತೆರೆದು ಮಂಡಿಯೂರಿದಳು. ಮುಖ ನೋಡಿದಳು. ಕೆಟ್ಟಿರಲಿಲ್ಲ. ಕಣ್ಣಿನ ಕೆಳಗಿನ ಒಂದು ಗೆರೆಯೂ ಬದಲಾಗಿರಲಿಲ್ಲ.

"ಮಲಗ್ದಂಗೈತೆ ಅಪ್ಪಾ," ಅಂದಳು.

"ಮಾತು ಕೊಟ್ಟಿದ್ದೆನಲ್ಲವ್ವಾ," ಅಂದರು ಜಂಬುಲಿಂಗಪ್ಪ.

ಅವಳು ಅವ್ವನ ಕೆನ್ನೆ ಮುಟ್ಟಿದಳು. ಆಮೇಲೆ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ಹಾಗೆಯೇ ಇದ್ದಳು. ಅನಂತರ ಆ ಕೈಯನ್ನು ಬೆಳಕಿಗೆ ತಿರುಗಿಸಿದಳು.

"ಹೊನ್ನಕ್ಕಾ, ಅವ್ವನ ಬೆರಳಿಗೆ ಏನಾಗೈತೆ?"

ಹೊನ್ನಕ್ಕ ಬಗ್ಗಿ ನೋಡಿದಳು. ನಾನೂ ನೋಡಿದೆ. ತೋರುಬೆರಳಿನ ತುದಿಯಲ್ಲಿ ಸಣ್ಣ ಗೀರುಗಳು. ಒಂದರ ಪಕ್ಕ ಒಂದು, ಅಳತೆ ಹಿಡಿದು ಎಳೆದಂತೆ. ಎಣಿಸಲಾಗದಷ್ಟು. ಚರ್ಮ ತೆಳ್ಳಗೆ ಸುಲಿದಿತ್ತು. ರಕ್ತವಿರಲಿಲ್ಲ. ಗೀರುಗಳ ಒಳಗೆ ಕಪ್ಪು ಎಣ್ಣೆಯ ಜಿಡ್ಡು ಕೂತಿತ್ತು.

"ಸ್ನಾನ ಮಾಡಿಸಿದೋಳು ನಾನೇ," ಹೊನ್ನಕ್ಕ ಮೆಲ್ಲಗೆ ಅಂದಳು. "ಹತ್ತು ಬೆರಳೂ ತೊಳ್ದಿದ್ದೆ. ಇರ್ಲಿಲ್ಲ ತಾಯಿ. ಆಮೇಲೆ ಎರಡೂ ಕೈ ಸೇರ್ಸಿ ಬಿಳೇ ಬಟ್ಟೆ ಕಟ್ಟಿದ್ದೆ... ಜಾರಬಾರ್ದು ಅಂತ."

ಬಟ್ಟೆ ಕಟ್ಟಿದಂತೆಯೇ ಇತ್ತು. ಗಂಟು ಅವಳು ಹಾಕಿದ್ದೇ. ಬಲಗೈ ಮಾತ್ರ ಅದರ ಹೊರಗಿತ್ತು.

ಇದು ನಡೆದದ್ದು. ಕನಸಲ್ಲ, ಯಾರೋ ಹೇಳಿದ್ದನ್ನು ಯಾರೋ ಕೇಳಿದ್ದಲ್ಲ. ಆ ಬೆರಳನ್ನು ನಾನು ಒಂದು ಗೇಣಿನ ದೂರದಿಂದ ನೋಡಿದ್ದೇನೆ. ಪಾಲಾಕ್ಷನ ಅಂಗಡಿಯಲ್ಲಿ ಈಗ ಬುಷ್ ಫ್ಯಾನು ಕೇಳಿದರೆ, ಎಲ್ಲಿಗೆ ಹಾಕುತ್ತೀರಿ ಎಂದು ಅವನು ಮೊದಲು ಕೇಳುತ್ತಾನೆ. ಉತ್ತರ ಹೇಳದವರಿಗೆ ಕೊಡುವುದಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಶವದ ಪೆಟ್ಟಿಗೆ ಬಾಡಿಗೆಗೆ ಕೊಡುವವರು, ಅದನ್ನು ದುರಸ್ತಿ ಮಾಡುವವರು ನಿಮ್ಮ ಊರಿನಲ್ಲಿಯೂ ಇರುತ್ತಾರೆ. ಅವರಿಗೆ ಇದನ್ನು ಕಳಿಸಿ. ಡಬ್ಬದ ಮೇಲಿನದನ್ನು ಓದಲಿ. ಫ್ಯಾನು ಹಾಕಿದ ಮೇಲೆ ಒಂದು ತಾಸು ಅಲ್ಲಿಯೇ ಕುಳಿತು ನೋಡಲಿ. ಒಬ್ಬರಿಗೆ ಸಾಲದು, ಗೊತ್ತಿರುವ ಎಲ್ಲರಿಗೂ ಕಳಿಸಿ. ಈ ರಾತ್ರಿಯೇ ಕಳಿಸಿ.